ಗಂಡ ಹೆಂಡತಿ ಊಟ ಆದಮೇಲೆ ಕೇಳಿಕೊಳ್ಳುವ ಪ್ರಶ್ನೆಗಳು

ಮದುವೆಯಾಗಿ ಹನ್ನೊಂದು ವರ್ಷ. ನಮ್ಮಿಬ್ಬರ ಮಾತು ಅಂದರೆ ಕಿರಾಣಿ, ಮಕ್ಕಳ ಫೀ, ನಳದ ನೀರು ಬಂತೋ ಇಲ್ಲೋ, ಅಷ್ಟೇ ಆಗಿತ್ತು. ಒಂದು ರಾತ್ರಿ ಬಾಗಲಕೋಟೆಯ ನವನಗರದಲ್ಲಿ ಅಡ್ಡಾಡುವಾಗ ನಮ್ಮ ಮನೆಯವರಿಗೆ ಸುಮ್ನೆ ಕೇಳಿದೆ: "ಮುಳುಗಡೆಯಾದ ನಿಮ್ಮ ಹಳೇ ಮನೆಯಲ್ಲಿ ಯಾವ ಜಾಗ ಜಾಸ್ತಿ ನೆನಪಾಗುತ್ತದೆ?" ಆಲಮಟ್ಟಿ ಹಿನ್ನೀರಿಗೆ ಹೋದ ಆ ಮನೆಯ ಕಟ್ಟೆ, ಅಲ್ಲಿ ಅಜ್ಜಿ ಶೇಂಗಾ ಸುಲಿಯುತ್ತಾ ಕೂತಿರುತ್ತಿದ್ದದ್ದು, ಸಾಮಾನು ಹೇರಿದ ದಿನ ಅಪ್ಪ ಅತ್ತದ್ದು... ಒಂದು ತಾಸು ಹೇಳಿದರು. ಇದ್ಯಾವುದೂ ನನಗೆ ಗೊತ್ತೇ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಹೌದು ಇಲ್ಲ ಅಂತ ಮುಗಿಯುವ ಪ್ರಶ್ನೆ ಬೇಡ. "ಚಿಕ್ಕವರಿದ್ದಾಗ ಯಾರಿಗೆ ಹೆದರುತ್ತಿದ್ದಿರಿ?" "ನಾನು ಏನು ಅಂದಾಗ ನಿಮಗೆ ನೋವಾಗುತ್ತದೆ?" ಹೀಗೆ ಕೇಳಿ. ಆದರೆ ಹಗುರವಾದದ್ದರಿಂದ ಶುರು ಮಾಡಿ. ಅಮೆರಿಕದ ಮನೋವಿಜ್ಞಾನಿ ಆರ್ಥರ್ ಆರನ್ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ, ಇಬ್ಬರ ನಡುವೆ ಆಪ್ತತೆ ಬೆಳೆಸುವ 36 ಪ್ರಶ್ನೆಗಳೂ ಹಾಗೇ ಇವೆ, ಮುಂದೆ ಹೋದಂತೆ ಆಳವಾಗುತ್ತವೆ. ಇಬ್ಬರೂ ಉತ್ತರ ಹೇಳಬೇಕು, ಒಬ್ಬರೇ ಹೇಳಿದರೆ ವಿಚಾರಣೆ ಆಗಿಬಿಡುತ್ತದೆ ಅಲ್ವಾ?

ದುಡ್ಡಿನ ವಿಷಯ ಬೇರೆ ದಿನಕ್ಕೆ ಇಡಿ. ಮತ್ತೆ, ಅವರು ನಂಬಿ ಹೇಳಿದ್ದನ್ನು ನಾಳೆ ಜಗಳದಲ್ಲಿ ಎತ್ತಬೇಡಿ.