ಏಳು ವರ್ಷ ಯಾರೂ ಕಾಲಿಡದ ಹಿತ್ತಲು: ನನ್ನ ಅನುಭವ

ಮೈಸೂರಿನಲ್ಲಿ ನಾವು ಕೊಂಡ ಹಳೇ ಮನೆಗೆ ಏಳು ವರ್ಷದಿಂದ ಬೀಗ ಬಿದ್ದಿತ್ತು. ಒಳಗೆ ಸುಣ್ಣ ಬಣ್ಣ ಆಯಿತು, ನಲ್ಲಿ ರಿಪೇರಿ ಆಯಿತು. ಹಿತ್ತಲ ಬಾಗಿಲು ಮಾತ್ರ ತೆಗೆಯೋಕೇ ಆಗಲಿಲ್ಲ. ಆಚೆ ಕಡೆ ಲಂಟಾನ ಬೆಳೆದು ಬಾಗಿಲಿಗೆ ಒತ್ತಿಕೊಂಡಿತ್ತು. ಕಿಟಕಿಯಿಂದ ನೋಡಿದರೆ ಎದೆಯೆತ್ತರ ಕಾಂಗ್ರೆಸ್ ಗಿಡ, ನಡುವೆ ಒಂದು ಸೀಬೆ ಮರ, ಒಂದು ಕರಿಬೇವು, ಮೂಲೆಯಲ್ಲಿ ಹುತ್ತ. ಹೆಚ್ಚು ಕಡಿಮೆ 20 ಅಡಿಗೆ 30 ಅಡಿ ಜಾಗ.

ನಾವು ಬಂದದ್ದು ಏಪ್ರಿಲ್‌ನಲ್ಲಿ. ಹಾವಿನ ಭಯ ಬೇರೆ. ಇಬ್ಬರು ಕೂಲಿಯವರನ್ನು ಕರೆಸಿ ಎರಡೇ ದಿನದಲ್ಲಿ ಹಿತ್ತಲು ಪೂರ್ತಿ ಬೋಳು ಮಾಡಿಸಿದೆ. ಹುತ್ತ ಮುಟ್ಟಲಿಲ್ಲ. ಅವರೂ ಒಪ್ಪುತ್ತಿರಲಿಲ್ಲ, ನನಗೂ ಮನಸ್ಸಿರಲಿಲ್ಲ. ಅವತ್ತು ಸಂಜೆ ಕೆಂಪು ನೆಲ ಕಂಡಾಗ ಆದ ಸಂತೋಷ ಇನ್ನೂ ನೆನಪಿದೆ. ಮೇ ತಿಂಗಳಲ್ಲಿ ಎರಡು ಜೋರು ಮಳೆ ಬಿತ್ತು. ಹತ್ತು ದಿನಕ್ಕೆ ನೆಲ ಮತ್ತೆ ಹಸಿರು. ಬಗ್ಗಿ ನೋಡಿದರೆ ಎಲ್ಲಾ ಕಾಂಗ್ರೆಸ್ ಸಸಿಗಳೇ, ರಾಗಿ ಪೈರು ಬಂದ ಹಾಗೆ ಒತ್ತೊತ್ತಾಗಿ.

ಗಿಡ ಹೋಗಿತ್ತು, ಬೀಜ ಮಣ್ಣಲ್ಲೇ ಇತ್ತು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತೆ. ಅವು ವರ್ಷಗಟ್ಟಲೆ ಮಣ್ಣಲ್ಲಿ ಕಾಯುತ್ತವೆ. ಹೂ ಬಿಟ್ಟಿದ್ದ ಗಿಡಗಳನ್ನು ಎಳೆದಾಡಿಸಿ ಇನ್ನಷ್ಟು ಬೀಜ ಚೆಲ್ಲಿಸಿ, ನೆಲವನ್ನು ಬಿಸಿಲಿಗೆ ಬಿಟ್ಟುಕೊಟ್ಟವಳು ನಾನೇ. ಮೊಣಕೈಯಲ್ಲಿ ಎದ್ದ ತುರಿಕೆ ಹೋಗೋಕೆ ಮೂರು ವಾರ ಬೇಕಾಯಿತು.

ಕಾಂಪೌಂಡಿನ ಆ ಕಡೆಯಿಂದ ಪಕ್ಕದ ಮನೆ ಅಜ್ಜಿ ನೋಡುತ್ತಿದ್ದರು. “ಒಂದೇ ಸಲ ಬೋಳಿಸಬಾರದು ಕಣಮ್ಮ. ನಿನ್ನ ಕೈಲಿ ಎಷ್ಟು ನೋಡ್ಕೊಳ್ಳೋಕೆ ಆಗುತ್ತೋ ಅಷ್ಟು ತೆಗಿ. ತೆಗೆದ ಕಡೆ ಅವತ್ತೇ ಏನಾದ್ರೂ ಹಾಕು” ಅಂದರು. ಆಮೇಲೆ ನಾನು ಮಾಡಿದ್ದೆಲ್ಲ ಈ ಮಾತಿನ ಮೇಲೇ.

ಹಗ್ಗ ಕಟ್ಟಿ ಜಾಗವನ್ನು ನಾಲ್ಕು ಭಾಗ ಮಾಡಿಕೊಂಡೆ. ಅಡುಗೆಮನೆ ಹತ್ತಿರದ ಭಾಗ ಮೊದಲು. ಉಳಿದ ಮೂರು ಕಡೆ ಒಂದೇ ಕೆಲಸ: ಕಾಂಗ್ರೆಸ್ ಹೂ ಬಿಡೋಕೆ ಮುಂಚೆ ಕೀಳೋದು. ಮಳೆ ನಿಂತ ಮಾರನೇ ದಿನ ಮಣ್ಣು ಮೆತ್ತಗಿರುತ್ತೆ, ಬೇರು ಸಮೇತ ಸಲೀಸಾಗಿ ಬರುತ್ತೆ. ಕೈಗವಸು, ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ ಇಲ್ಲದೆ ಮುಟ್ಟಬೇಡಿ. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು, ಹೂ ಬಿಟ್ಟದ್ದನ್ನು ಹಾಕಲೇಬಾರದು.

ಜುಲೈನಲ್ಲಿ ಒಂದು ಬೆಳಗ್ಗೆ ಕೆಲವು ಗಿಡಗಳ ಎಲೆ ಜರಡಿಯಾಗಿತ್ತು. ತಿರುಗಿಸಿ ನೋಡಿದೆ. ಕಡಲೆಬೇಳೆಗಿಂತ ಚಿಕ್ಕ ದುಂಡು ಹುಳ, ಮಾಸಿದ ಬಿಳಿ ಬೆನ್ನು, ಅದರ ಮೇಲೆ ಉದ್ದಕ್ಕೂ ಕಂದು ಗೆರೆ. ಕಾಂಗ್ರೆಸ್ ಗಿಡ ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ದುಂಬಿ ಇದು. ಮಳೆಗಾಲದಲ್ಲಿ ಮಣ್ಣಿಂದ ಎದ್ದು ಬರುತ್ತೆ. ಕಳೆನಾಶಕ ಹೊಡೆಸಿ ಅಂತ ಹೇಳಿದವರು ಬಹಳ ಜನ. ನಾನು ಹೊಡೆಸಲಿಲ್ಲ. ದುಂಬಿ ಕಂಡ ಮೇಲಂತೂ ಆ ಯೋಚನೆಯನ್ನೇ ಬಿಟ್ಟೆ.

ಮೊದಲ ಭಾಗ ಅಗೆಯೋಕೆ ಹೋದರೆ ಗುದ್ದಲಿ ಠಣ್ ಅಂತು. ಅರ್ಧ ಅಡಿ ಕೆಳಗೆ ಇಟ್ಟಿಗೆ ಚೂರು, ಟೈಲ್ಸ್, ಗಟ್ಟಿಯಾದ ಸಿಮೆಂಟ್ ಉಂಡೆ. ಮನೆ ಕಟ್ಟಿದಾಗ ಉಳಿದದ್ದನ್ನೆಲ್ಲ ಅಲ್ಲೇ ಹೂತಿದ್ದರು. ಹಾರೆ ಹಾಕಿ ಎಬ್ಬಿಸಿ, ಬಾಂಡ್ಲಿಯಲ್ಲಿ ಹೊತ್ತು, ಒಂದು ತಿಂಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಇಟ್ಟಿಗೆ ಚೂರು ಓಡಾಡುವ ದಾರಿಗೆ ಆಯಿತು. ಸಿಮೆಂಟ್ ಉಂಡೆಗಳನ್ನು ಹೊರಗೆ ಸಾಗಿಸಿದೆ, ಅವು ಇದ್ದ ಕಡೆ ಮಣ್ಣಿಗೆ ಸುಣ್ಣದ ಅಂಶ ಜಾಸ್ತಿ ಆಗುತ್ತೆ.

ಜೇಕು ಅನ್ನೋ ಹುಲ್ಲಿನಂಥ ಕಳೆಯ ಕತೆ ಬೇರೆ. ಮೇಲೆ ಎಳೆದರೆ ಹುಲ್ಲು ಕೈಗೆ ಬರುತ್ತೆ, ಗಡ್ಡೆ ಕೆಳಗೇ ಉಳಿಯುತ್ತೆ. ನಿಧಾನಕ್ಕೆ ಮಣ್ಣು ಬಿಡಿಸಿದಾಗ ಗೊತ್ತಾಯಿತು: ಕಪ್ಪು ಗಡ್ಡೆ, ಅದರಿಂದ ದಾರದಂಥ ಬೇರು, ಆ ಬೇರಿನ ತುದಿಗೆ ಇನ್ನೊಂದು ಗಡ್ಡೆ, ಮಣಿ ಪೋಣಿಸಿದ ಹಾಗೆ. ಮೂಸಿದರೆ ಘಮ್ಮೆನ್ನುತ್ತೆ. ರಟ್ಟು ಹೊದಿಸಿ ನೋಡಿದೆ, ರಟ್ಟನ್ನೇ ತೂತು ಮಾಡಿಕೊಂಡು ಬಂತು. ಕೊನೆಗೆ ಉಪಯೋಗಕ್ಕೆ ಬಂದದ್ದು ಸಿಕ್ಕಷ್ಟು ಗಡ್ಡೆ ಆರಿಸೋದು, ಆಮೇಲೆ ವಾರಕ್ಕೊಂದು ಸಲ ಬಿಡದೆ ಹೊಸ ಚಿಗುರು ಕೀಳೋದು. ಪೂರ್ತಿ ಹೋಗಿಲ್ಲ. ಹಿಡಿತದಲ್ಲಿದೆ.

ಹಸನಾದ ಜಾಗವನ್ನು ಅಜ್ಜಿ ಹೇಳಿದ ಹಾಗೆ ಒಂದು ದಿನವೂ ಖಾಲಿ ಬಿಡಲಿಲ್ಲ. ಆಗಸ್ಟ್‌ನಲ್ಲಿ ಅಂಗಡಿಯಿಂದ ಅರ್ಧ ಕೆಜಿ ಹುರುಳಿ ತಂದು ಒತ್ತಾಗಿ ಚೆಲ್ಲಿದೆ, ಅಂಚಿಗೆ ಅವರೆ ಹಾಕಿದೆ. ನಾಲ್ಕೇ ದಿನಕ್ಕೆ ಹುರುಳಿ ಮೊಳೆಯಿತು. ತಿಂಗಳಾಗುವಷ್ಟರಲ್ಲಿ ನೆಲವೇ ಕಾಣದ ಹಾಗೆ ಹಬ್ಬಿತು. ಅದರ ನೆರಳಲ್ಲಿ ಹುಟ್ಟಿದ ಕಾಂಗ್ರೆಸ್ ಸಸಿಗಳು ಬೆಳ್ಳಗೆ, ಸಣಕಲಾಗಿ, ಎರಡು ಬೆರಳಲ್ಲಿ ಕೀಳುವ ಹಾಗಿದ್ದವು. ಹೂ ಬರುವ ಹೊತ್ತಿಗೆ ಹುರುಳಿಯನ್ನು ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿದೆ. ಮೂರು ವಾರ ಬಿಟ್ಟು ಬಸಳೆ, ಬದನೆ ನೆಟ್ಟೆ. ನಡುವೆ ಒಣಗಿದ ಸೀಬೆ ಎಲೆ ಹಾಸಿದೆ.

ಸೀಬೆ ಮರ ಮೊದಲ ವರ್ಷ ನಾಲ್ಕೇ ಕಾಯಿ ಬಿಟ್ಟಿತ್ತು. ಸೀಬೆ ಕಾಯಿ ಹಿಡಿಯೋದು ಹೊಸ ಚಿಗುರಲ್ಲಿ. ಒಣಗಿದ ರೆಂಬೆ, ಒಂದಕ್ಕೊಂದು ಉಜ್ಜುತ್ತಿದ್ದ ರೆಂಬೆ ತೆಗೆಸಿದೆ. ಈಗ ಅಳಿಲುಗಳು ತಿಂದು ಉಳಿದದ್ದೇ ನಮಗೆ ಸಾಕು.

ಡಿಸೆಂಬರ್‌ನಲ್ಲಿ ಮೊದಲ ಅವರೆ ಕಿತ್ತಾಗ ಕೈಗೆಲ್ಲ ಸೊಗಡು ಅಂಟಿತ್ತು. ಒಂದು ಮೊರ ತುಂಬ ಅಜ್ಜಿಗೆ ಕೊಟ್ಟು ಬಂದೆ. ಮಾರನೇ ದಿನ ಅದೇ ಮೊರದಲ್ಲಿ ಹಿತಕಿದ ಬೇಳೆ ಕಳಿಸಿದರು. ಹುತ್ತದ ಕಡೆಯ ಭಾಗ ಇನ್ನೂ ಬಾಕಿ ಇದೆ. ಈ ಸಲ ಮೇ ಮಳೆ ಬಿದ್ದ ಮೇಲೆ ಅಲ್ಲಿ ಹಗ್ಗ ಕಟ್ಟುತ್ತೇನೆ, ಹುತ್ತದ ಸುತ್ತ ಮೂರಡಿ ಬಿಟ್ಟು.