ಬಿಷಪ್ ಅಂದ್ರೆ ನಿಜವಾಗ್ಲೂ ಏನು? ಪದದ ಬೇರು ಹುಡ್ಕೋದು ಹೀಗೆ

ಬಿಷಪ್ ಅಂದ ತಕ್ಷಣ ಕಣ್ಮುಂದೆ ಬರೋದು ಎತ್ತರದ ಟೋಪಿ, ಕೈಯಲ್ಲೊಂದು ಕೋಲು, ಬೆರಳಲ್ಲಿ ಉಂಗುರ. ಆದ್ರೆ ಈ ಪದ ಹುಟ್ಟಿದಾಗ ಟೋಪಿನೂ ಇರ್ಲಿಲ್ಲ ಉಂಗುರನೂ ಇರ್ಲಿಲ್ಲ, ಅಷ್ಟೇ ಯಾಕೆ, ಚರ್ಚೇ ಇರ್ಲಿಲ್ಲ. ಇಂಥ ಪದ ಸಿಕ್ಕಾಗ ಅದನ್ನ ಹೇಗೆ ಬಿಡಿಸಿ ನೋಡ್ಬೇಕು ಅಂತ ನಾನು ಮಾಡೋ ರೀತಿ ಹೇಳ್ತೀನಿ. ಗ್ರೀಕ್ ಬರ್ಲೇಬೇಕು ಅಂತೇನಿಲ್ಲ, ಒಂದು ಕನ್ನಡ ಬೈಬಲ್ಲು, ಜೊತೆಗೆ ಮೂಲ ಗ್ರೀಕ್ ಪದ ತೋರಿಸೋ ಯಾವ್ದಾದ್ರೂ ಆ್ಯಪ್ ಇದ್ರೆ ಸಾಕು.

ಮೊದ್ಲು ಪದ ಬಂದ ದಾರೀಲೇ ವಾಪಸ್ ನಡೀರಿ. ನಮಗೆ ಬಿಷಪ್ ಬಂದಿದ್ದು ಇಂಗ್ಲಿಷಿಂದ, ಇಂಗ್ಲಿಷಿಗೆ ಲ್ಯಾಟಿನ್ನಿನ ಎಪಿಸ್ಕೋಪಸ್‌ನಿಂದ, ಲ್ಯಾಟಿನ್ನಿಗೆ ಗ್ರೀಕಿನ ಎಪಿಸ್ಕೊಪೊಸ್‌ನಿಂದ. ದಾರೀಲಿ ಮುಂದಿನ ಎ ಉದುರೋಯ್ತು, ಪ ಹೋಗಿ ಬ ಆಯ್ತು, ಸ್ಕ ಸವೆದು ಷ ಆಯ್ತು. ಜರ್ಮನ್ನಿನ ಬಿಷೋಫ್, ಸ್ಪ್ಯಾನಿಷಿನ ಒಬಿಸ್ಪೊ, ಇಟಾಲಿಯನ್ನಿನ ವೆಸ್ಕೊವೊ ಎಲ್ಲಾ ಒಂದೇ ತಾಯಿ ಮಕ್ಳು, ಮುಖ ಮಾತ್ರ ಬೇರೆ ಬೇರೆ.

ಈಗ ಪದ ಒಡೀರಿ. ಎಪಿ ಅಂದ್ರೆ ಮೇಲೆ, ಸ್ಕೊಪೊಸ್ ಅಂದ್ರೆ ನೋಡ್ತಾ ಇರೋನು, ಕಾವಲಿನವನು. ಟೆಲಿಸ್ಕೋಪು ಮೈಕ್ರೋಸ್ಕೋಪಲ್ಲಿ ಇರೋದೂ ಇದೇ ಬೇರು. ನಾವು "ಮಗು ಮೇಲೆ ಒಂದು ಕಣ್ಣಿಟ್ಟಿರಿ" ಅಂತೀವಲ್ಲ, ಹಾಗೆ ಕಣ್ಣಿಟ್ಟಿರೋನು ಎಪಿಸ್ಕೊಪೊಸ್. ನನಗೆ ತುಂಬಾ ಖುಷಿ ಕೊಟ್ಟಿದ್ದು ಏನಂದ್ರೆ ಕನ್ನಡ ಬೈಬಲ್ ಇದಕ್ಕೆ ಹಾಕಿರೋ ಪದ, ಸಭಾಧ್ಯಕ್ಷ. ಅಧ್ಯಕ್ಷ ಅನ್ನೋದನ್ನ ಒಡೆದ್ರೆ ಅಧಿ ಮತ್ತು ಅಕ್ಷ, ಅಂದ್ರೆ ಮೇಲೆ ಮತ್ತು ಕಣ್ಣು, ಗ್ರೀಕಿನ ಪದಕ್ಕೆ ಅಳತೆ ತಗೊಂಡು ಹೊಲಿದ ಹಾಗಿದೆ! ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರೋ ಅಧ್ಯಕ್ಷರೂ ಹೀಗೇ, ಬೇಸಾಯ ನೋಡ್ಕೊಳ್ಳೋನು ಸೀತಾಧ್ಯಕ್ಷ, ಚಿನ್ನದ ಕೆಲಸ ನೋಡ್ಕೊಳ್ಳೋನು ಸುವರ್ಣಾಧ್ಯಕ್ಷ, ಹೀಗೆ ಒಂದೊಂದು ಕೆಲಸದ ಮೇಲೆ ಒಬ್ಬೊಬ್ಬ ಕಣ್ಣಿಟ್ಟೋನು. ಈಗ ಅಧ್ಯಕ್ಷ ಅಂದ್ರೆ ವೇದಿಕೆ ಮಧ್ಯದ ಕುರ್ಚಿ ನೆನಪಾಗುತ್ತೆ, ಕಣ್ಣು ಯಾರಿಗೂ ನೆನಪಾಗಲ್ಲ. ಬಿಷಪ್ ಪದಕ್ಕೆ ಆಗಿದ್ದೂ ಅದೇ.

ಬೇರು ಸಿಕ್ತು ಅಂತ ಇಲ್ಲಿಗೇ ನಿಲ್ಲಿಸ್ಬೇಡಿ, ಬಹಳ ಜನ ಎಡವೋದು ಇಲ್ಲೇ. ಪದದ ಬೇರು ಬೇರೆ, ಆ ಕಾಲದ ಜನ ಅದನ್ನ ಬಳಸಿದ ಅರ್ಥ ಬೇರೆ, ಎರಡನೇದಕ್ಕೆ ಬಳಕೆನೇ ನೋಡ್ಬೇಕು. ಕ್ರೈಸ್ತರಿಗಿಂತ ಮುಂಚೆ ಅಥೆನ್ಸಿನವರು ತಮ್ಮ ಕೈಕೆಳಗಿನ ಊರುಗಳಿಗೆ ಕಳಿಸ್ತಿದ್ದ ಅಧಿಕಾರಿಗೆ ಎಪಿಸ್ಕೊಪೊಸ್ ಅಂತಿದ್ರು, ಕ್ರಿ.ಪೂ. 414ರಲ್ಲಿ ಆಡಿದ, ಗ್ರೀಕ್ ನಾಟಕಕಾರ ಅರಿಸ್ಟೊಫನೀಸನ 'ಹಕ್ಕಿಗಳು' ನಾಟಕದಲ್ಲಿ ಅಂಥ ಒಬ್ಬ ಅಧಿಕಾರಿ ಬಂದು ಚೆನ್ನಾಗಿ ಒದೆ ತಿಂದು ಓಡ್ತಾನೆ. ಹಳೇ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ 2 ಪೂರ್ವಕಾಲವೃತ್ತಾಂತ 34:12 ತೆಗೀರಿ, ಅಲ್ಲಿ ದೇವಾಲಯ ರಿಪೇರಿ ಕೆಲಸದವರನ್ನ ನೋಡ್ಕೊಳ್ಳೋರಿಗೆ ಇದೇ ಪದ, ಅಂದ್ರೆ ಸೈಟ್ ಸೂಪರ್‌ವೈಸರ್ ಅನ್ಕೊಳ್ಳಿ. ಪೂಜೆ ಪುರಸ್ಕಾರಕ್ಕೂ ಇದಕ್ಕೂ ಸಂಬಂಧ ಇಲ್ಲ.

ಆಮೇಲೆ ಹೊಸ ಒಡಂಬಡಿಕೆ. ಈ ಪದ ಅಲ್ಲಿ ಬರೋದೇ 5 ಸಲ, ಅರ್ಧ ಗಂಟೇಲಿ ಎಲ್ಲಾ ಓದಿ ಮುಗಿಸ್ಬಹುದು: ಅಪೊಸ್ತಲರ ಕೃತ್ಯಗಳು 20:28, ಫಿಲಿಪ್ಪಿ 1:1, 1 ತಿಮೊಥೆ 3:2, ತೀತ 1:7, 1 ಪೇತ್ರ 2:25. ಟೈಮ್ ಇಲ್ಲ ಅಂದ್ರೆ ಮೊದಲನೇದನ್ನಾದ್ರೂ ಓದಿ, ಆದ್ರೆ 17ನೇ ವಚನದಿಂದ ಶುರು ಮಾಡಿ. ಅಪೊಸ್ತಲ ಪೌಲ ಮಿಲೇತ ಅನ್ನೋ ಊರಲ್ಲಿ ಇಳ್ಕೊಂಡು ಎಫೆಸ ಊರಿನ ಸಭೆಯ, ಅಂದ್ರೆ ಅಲ್ಲಿನ ಕ್ರೈಸ್ತರ ಗುಂಪಿನ, ಹಿರಿಯರನ್ನ ಕರೆಸ್ತಾನೆ, ಮಾತಾಡ್ತಾ ಮಾತಾಡ್ತಾ ಅದೇ ಹಿರಿಯರಿಗೆ ನೀವು ಅಧ್ಯಕ್ಷರು ಅಂತಾನೆ, ಅದೇ ಉಸಿರಲ್ಲಿ ಹಿಂಡು ಕಾಯಿರಿ ಅಂತಾನೆ. ಹಿರಿಯ ಅನ್ನೋದು ವಯಸ್ಸು ಮರ್ಯಾದೆ, ಅಧ್ಯಕ್ಷ ಅನ್ನೋದು ಕೆಲಸ, ಕುರುಬ ಅನ್ನೋದು ಆ ಕೆಲಸದ ಚಿತ್ರ, ಮೂರೂ ಸೇರಿದ್ದು ಒಂದೇ ಗುಂಪಿನ ಜನರ ಮೇಲೆ. ತೀತ 1ರಲ್ಲೂ 5ನೇ ವಚನದಲ್ಲಿ ಹಿರಿಯರು ಅಂತ ಶುರುವಾಗಿ 7ಕ್ಕೆ ಬರೋಷ್ಟರಲ್ಲಿ ಸಭಾಧ್ಯಕ್ಷ ಆಗಿರುತ್ತೆ. ಫಿಲಿಪ್ಪಿಯಲ್ಲಂತೂ ಪದ ಬಹುವಚನದಲ್ಲಿದೆ, ಒಂದೇ ಊರಲ್ಲಿ ಹಲವರು.

ಹಾಗಾದ್ರೆ ಒಬ್ಬರೇ ದೊಡ್ಡವರು, ಕೆಳಗೆ ಹಿರಿಯರು, ಅವರ ಕೆಳಗೆ ಸೇವಕರು ಅನ್ನೋ ಮೆಟ್ಟಿಲು ಎಲ್ಲಿಂದ ಬಂತು? ಅದಕ್ಕೆ ಬೈಬಲ್ ಮುಚ್ಚಿ 2ನೇ ಶತಮಾನದ ಶುರುವಿಗೆ ಹೋಗ್ಬೇಕು, ಅಂತಿಯೋಕ್ಯ ಊರಿನ ಬಿಷಪ್ ಇಗ್ನೇಷಿಯಸ್ ಬರೆದ ಪತ್ರಗಳಲ್ಲಿ ಈ ಮೂರು ಹಂತ ಸ್ಪಷ್ಟವಾಗಿ ಬೇರೆ ಬೇರೆಯಾಗಿ ಕಾಣುತ್ತೆ. ಅದಾಗಿ ಸುಮಾರು 300 ವರ್ಷದ ಹತ್ರ ಆದ್ಮೇಲೂ ಬೈಬಲ್ಲನ್ನ ಲ್ಯಾಟಿನ್ನಿಗೆ ತಂದ ಪಂಡಿತ ಜೆರೋಮ್ ಒಂದು ಪತ್ರದಲ್ಲಿ ಮೊದಲು ಹಿರಿಯ, ಬಿಷಪ್ ಎರಡೂ ಒಂದೇ ಆಗಿತ್ತು ಅಂತ ವಾದ ಮಾಡ್ತಾನೆ. ಇದನ್ನ ಇಟ್ಕೊಂಡು ಇವತ್ತಿನ ಬಿಷಪ್‌ಗಳೇ ತಪ್ಪು ಅಂತ ಹಾರಾಡೋಕೆ ಹೋಗ್ಬೇಡಿ. ಪದ ಬೆಳೆಯುತ್ತೆ, ಅಷ್ಟೇ.

ಅನುವಾದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಯಾಕಂದ್ರೆ ಅಲ್ಲಿ ರಾಜಕೀಯ ಇರುತ್ತೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಲ್ಲಿ ನಾಲ್ಕು ಕಡೆ ಬಿಷಪ್ ಅಂತಿದೆ, ಅಪೊಸ್ತಲರ ಕೃತ್ಯಗಳಲ್ಲಿ ಮಾತ್ರ ಮೇಲ್ವಿಚಾರಕ ಅನ್ನೋ ಅರ್ಥದ ಪದ ಇದೆ. ಅಲ್ಲೂ ಬಿಷಪ್ ಅಂತ ಹಾಕಿದ್ರೆ ಹಿರಿಯರೇ ಬಿಷಪ್ಪು ಅಂತ ಎಲ್ರಿಗೂ ಗೊತ್ತಾಗ್ತಿತ್ತು, ಹಾಗಾಗಿ ನನಗಂತೂ ಸ್ವಲ್ಪ ಅನುಮಾನ. ಮೆಥಡಿಸ್ಟ್ ಅನ್ನೋ ಕ್ರೈಸ್ತ ಪಂಗಡ ಶುರು ಮಾಡಿದ ಜಾನ್ ವೆಸ್ಲಿ ಸೂಪರಿಂಟೆಂಡೆಂಟ್ ಅನ್ನೋ ಪದ ಆರಿಸ್ಕೊಂಡಿದ್ದ, ಅರ್ಥ ಹೆಚ್ಚುಕಮ್ಮಿ ಅದೇ, ಆದ್ರೂ ಅಮೆರಿಕದಲ್ಲಿ ಅಲ್ಲಿನ ಮೆಥಡಿಸ್ಟರ ನಾಯಕ ಆಸ್ಬರಿ ಬಿಷಪ್ ಅಂತ ಕರೆಸ್ಕೊಂಡಾಗ ವೆಸ್ಲಿ 1788ರಲ್ಲಿ ಸಿಟ್ಟಲ್ಲಿ ಪತ್ರ ಬರೆದ.

ರೂಢಿ ಆದ್ಮೇಲೆ ಉಳಿದ ಪದಗಳಿಗೂ ಇದೇ ಥರ ಮಾಡಿ. ಪಾಸ್ಟರ್ ಲ್ಯಾಟಿನ್ನಲ್ಲಿ ಕುರುಬ, ಡೀಕನ್ ಗ್ರೀಕಲ್ಲಿ ಸೇವಕ, ಪ್ರೀಸ್ಟ್ ಅನ್ನೋದು ಗ್ರೀಕಿನ ಹಿರಿಯ ಅನ್ನೋ ಪದವೇ ಸವೆದು ಆಗಿದ್ದು. ನಮ್ಮ ಪಾದ್ರಿ ಪೋರ್ಚುಗೀಸರಿಂದ ಬಂದ ಪದ, ಅರ್ಥ ಅಪ್ಪ, ಆದ್ರೆ ಭೂಮಿ ಮೇಲೆ ಯಾರನ್ನೂ ಅಪ್ಪ ಅಂತ ಕರೀಬೇಡಿ ಅನ್ನೋ ಮತ್ತಾಯ 23:9 ಓದಿದ್ರೆ ಅದಕ್ಕೆ ಬೇರೆನೇ ಜಗಳ ಇದೆ.