ಐದು ವಾರದ ಮರಿಯೇ ಏಕೆ? ನನ್ನ ನಾಲ್ಕು ಸಲದ ಲೆಕ್ಕ

ಒಂದು ದಿನದ್ದಾದರೆ ಮೂವತ್ತು ರೂಪಾಯಿಗೆ ಸಿಗುತ್ತಿದ್ದ ಗಿರಿರಾಜ ತಳಿಯ ಕೋಳಿಮರಿಯನ್ನು, ಐದು ವಾರದ್ದೆಂದು ನೂರೈದು ಕೊಟ್ಟು ತಂದ ದಿನ ನಮ್ಮ ಭಾವ ಅಂಗಳದಲ್ಲೇ ನಿಂತು, ‘ಐದು ವಾರ ದೀಪ ಹಾಕಿ ಕಾದದ್ದಕ್ಕೆ ಎಪ್ಪತ್ತೈದು ರೂಪಾಯಿಯೇ?’ ಎಂದು ಕೇಳಿದರು. ಊರಿನವರೂ ಅದನ್ನೇ ಕೇಳಿದರು. ಆಗ ನಾನು ಉತ್ತರ ಕೊಡಲಿಲ್ಲ. ಈಗ ಕೈಯಲ್ಲಿ ಲೆಕ್ಕವಿದೆ. ಹಿತ್ತಲಲ್ಲಿ ಹೊಸದಾಗಿ ಕೋಳಿ ಸಾಕುವವರು ಒಂದು ದಿನದ ಮರಿಯನ್ನೂ ತರಬಾರದು, ಮೊಟ್ಟೆಗೆ ಬಂದ ಹ್ಯಾಟೆಯನ್ನೂ (ಎಳೆಯ ಹೆಣ್ಣು ಕೋಳಿ) ತರಬಾರದು. ದೀಪದ ಕಾವು ಮುಗಿದ ಐದು ವಾರದ ಮರಿ ತರಬೇಕು. ಈ ಮಾತಿಗೆ ಬರಲು ನನಗೆ ಮೂರೂವರೆ ವರ್ಷ ಮತ್ತು ಹತ್ತೊಂಬತ್ತು ಸಾವಿರದಷ್ಟು ಹಣ ಹಿಡಿಯಿತು.

ಮೊದಲ ಸಲ, 2019ರ ಜೂನ್‌ನಲ್ಲಿ, ಒಂದು ದಿನದ ನೂರು ಮರಿ ತಂದೆ. ಒಂದಕ್ಕೆ 28 ರೂಪಾಯಿ ಇದ್ದ ನೆನಪು. ಭತ್ತದ ಹೊಟ್ಟು, ಕಾಗದ, ಬಲ್ಬು ಎಲ್ಲವೂ ಇದ್ದವು. ತಗಡನ್ನು ಗುಂಡಗೆ ಕಟ್ಟುವ ಬದಲು ಕೋಣೆಯ ಮೂಲೆಯನ್ನೇ ಬಳಸಿದ್ದು ತಪ್ಪಾಯಿತು. ಐದನೆಯ ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ನಾಲ್ಕು ಗಂಟೆಗೆ ಎದ್ದು ಟಾರ್ಚ್ ಬಿಟ್ಟಾಗ ಮರಿಗಳೆಲ್ಲ ಮೂಲೆಯಲ್ಲಿ ಒಂದರ ಮೇಲೊಂದು ಗುಡ್ಡೆಯಾಗಿದ್ದವು. ಮೇಲಿನವು ಕೂಗುತ್ತಿದ್ದವು. ಕೈಯಿಂದ ಬಿಡಿಸುತ್ತಾ ಹೋದಂತೆ ಕೆಳಗಿನವು ನೆನೆದ ಹತ್ತಿಯಂತೆ ಚಪ್ಪಟೆಯಾಗಿದ್ದವು, ಆದರೂ ಮೈ ಇನ್ನೂ ಬೆಚ್ಚಗಿತ್ತು. ಆ ರಾತ್ರಿ 38 ಹೋದವು. ಆಮೇಲೆ ಭೇದಿಗೆ ಒಂದಷ್ಟು ಹೋಗಿ ಕೊನೆಗೆ ಉಳಿದದ್ದು 46.

ಈಗ ಭಾವನ ಪ್ರಶ್ನೆಗೆ ಬರುತ್ತೇನೆ. ಮರಿಗೆ 2,800, ಮೇವಿಗೆ ಸುಮಾರು 2,000, ಬಲ್ಬು, ಹೊಟ್ಟು, ಲಸಿಕೆ, ಔಷಧಿಗೆ 900. ಒಟ್ಟು 5,700 ರೂಪಾಯಿಯನ್ನು 46ರಿಂದ ಭಾಗಿಸಿದರೆ ಐದು ವಾರದ ಒಂದು ಮರಿ ನನಗೆ 124 ರೂಪಾಯಿಗೆ ಬಿದ್ದಿತ್ತು. ನಿದ್ದೆಗೆಟ್ಟ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಪಳಗಿದ ಕೈಗೆ ನೂರರಲ್ಲಿ ಐದು ಸಾಯುತ್ತವೆ, ಅವರಿಗೆ ಮೂವತ್ತರ ಮರಿ ಖಂಡಿತ ಅಗ್ಗ. ಹೊಸಬರಿಗೆ ಅದು ಅಗ್ಗವಲ್ಲ.

ಎರಡನೆಯದು 2021ರ ಶ್ರಾವಣದಲ್ಲಿ. ನಮ್ಮ ಕುಣಿಗಲ್ ಕಡೆ ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ, ಸಂತೆಯಲ್ಲಿ ಕೋಳಿಯ ಬೆಲೆ ಇಳಿದಿರುತ್ತದೆ. ಮೊಟ್ಟೆಗೆ ಬಂದ ಹ್ಯಾಟೆ ಎಂದು ಹೇಳಿ 350ರಂತೆ ಹದಿನಾಲ್ಕು ಕೊಟ್ಟರು. ಮನೆಗೆ ತಂದು ನೋಡಿದರೆ ನಾಲ್ಕರ ಕಾಲಿನ ಹುರುಪೆ ಒರಟಾಗಿ ಎದ್ದಿತ್ತು, ಅವು ಹಳೆಯ ಹೇಂಟೆಗಳು. ಅದನ್ನಾದರೂ ಸಹಿಸಬಹುದಿತ್ತು. ಎಂಟನೆಯ ದಿನ ಹಸಿರು ಹಿಕ್ಕೆ ಕಂಡಿತು, ಮಾರನೆಯ ದಿನ ಕತ್ತು ತಿರುಚತೊಡಗಿದವು. ಅದು ಕೊಕ್ಕರೆ ರೋಗ, ಕೋಳಿಯಿಂದ ಕೋಳಿಗೆ ಬೇಗ ಹರಡುವ ಸೋಂಕು. ತಂದವುಗಳ ಜೊತೆಗೆ ನನ್ನ ತಾಯಿ ಸಾಕಿದ್ದ ಒಂಬತ್ತು ನಾಟಿ ಕೋಳಿಗಳೂ ಹೋದವು. ಆ ಒಂಬತ್ತಕ್ಕೆ ನನಗೆ ಈಗಲೂ ಸಂಕಟವಾಗುತ್ತದೆ. ಸಂತೆಯ ದೊಡ್ಡ ಕೋಳಿಯ ಹಿಂದಿನ ಚರಿತ್ರೆ ಯಾರಿಗೂ ತಿಳಿಯುವುದಿಲ್ಲ.

ಮೂರನೆಯ ಸಲ ಫಾರಂನಿಂದ ಹದಿನೆಂಟು ವಾರದ ಇಪ್ಪತ್ತು ಹ್ಯಾಟೆ, 420ರಂತೆ. ಪಂಜರದಲ್ಲಿ ಬೆಳೆದು ಕೊಕ್ಕು ಕತ್ತರಿಸಿಕೊಂಡು ಬಂದವು. ಹುಳ ಕೆದಕಲು ಬಾರದು, ಹದ್ದಿನ ನೆರಳು ಕಂಡರೂ ಓಡಲು ತಿಳಿಯದು. ತಿಂಗಳೊಳಗೆ ಏಳು ಹೋದವು. ಉಳಿದವು ಮೊಟ್ಟೆ ಇಟ್ಟವು ನಿಜ, ಆದರೆ ಮೂಟೆ ಮೇವು ಹಾಕಿದರೆ ಮಾತ್ರ.

ಇದರ ನಡುವೆ ಒಂದು ಪ್ರಯೋಗ ಮಾಡಿದ್ದೆ, ಅದು ಚೆನ್ನಾಗಿ ಕೈಹಿಡಿಯಿತು. ಪಕ್ಕದ ಮನೆಯವರ ನಾಟಿ ಹೇಂಟೆಯೊಂದು ಕಾವಿಗೆ ಕೂತು ಇಪ್ಪತ್ತು ದಿನವಾಗಿತ್ತು. ರಾತ್ರಿ ದೀಪ ಹಚ್ಚದೆ ಅದರ ಮೊಟ್ಟೆ ತೆಗೆದು, ಒಂದು ದಿನದ ಹನ್ನೆರಡು ಗಿರಿರಾಜ ಮರಿಗಳನ್ನು ಒಂದೊಂದಾಗಿ ರೆಕ್ಕೆಯ ಕೆಳಗೆ ನೂಕಿದೆ. ಬೆಳಗ್ಗೆ ಅದು ಅವನ್ನು ತನ್ನವೆಂದೇ ಕರೆದುಕೊಂಡು ತಿಪ್ಪೆಗೆ ಹೊರಟಿತ್ತು. ಹನ್ನೊಂದು ಬದುಕಿದವು. ಗಿರಿರಾಜ ತಾನಾಗಿ ಕಾವಿಗೆ ಕೂರುವುದು ಅಪರೂಪ, ಆದ್ದರಿಂದ ಒಂದೆರಡು ನಾಟಿ ಹೇಂಟೆ ಇದ್ದರೆ ಲಾಭ. ಆದರೆ ಐವತ್ತು ಮರಿಗೆ ಅಷ್ಟು ತಾಯಂದಿರನ್ನು ಎಲ್ಲಿಂದ ತರುವುದು?

ನಾಲ್ಕನೆಯ ಸಲ, 2022ರ ಡಿಸೆಂಬರ್‌ನಲ್ಲಿ, ಐದು ವಾರದ ಐವತ್ತು ಮರಿ ತಂದೆ. ಒಟ್ಟು 5,250 ರೂಪಾಯಿ. ಚಳಿಯಲ್ಲಿ ಕಾವು ಕೊಡುವ ಪಾಡನ್ನು ಸಾಕಿದವರೇ ಪಟ್ಟಿದ್ದರು. ಐದು ವಾರವೇ ಏಕೆಂದರೆ, ಅಷ್ಟರಲ್ಲಿ ನೂಲುಗೂದಲು ಹೋಗಿ ನಿಜವಾದ ಪುಕ್ಕ ಬಂದಿರುತ್ತದೆ. ಮೊದಲ ವಾರದ ಲಸೋಟ (ಕೊಕ್ಕರೆ ರೋಗದ ಲಸಿಕೆ), ಎರಡನೆಯ ವಾರದ ಗಂಬೋರೊ ರೋಗದ ಲಸಿಕೆ, ನಾಲ್ಕನೆಯ ವಾರದ ಮತ್ತೊಂದು ಲಸೋಟ ಮುಗಿದಿರುತ್ತವೆ. ಕೊನೆಯ ಲಸಿಕೆ ಮೈಗೆ ಹತ್ತಲು ಒಂದು ವಾರ ಬಿಡಿ. ಲಸಿಕೆ ಹಾಕಿದ ತಾರೀಖು ಬರೆದುಕೊಡಲು ಮಾರುವವರಿಗೆ ಹೇಳಿ, ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಎಂಟು ವಾರಕ್ಕೆ ಹೋದರೆ ಒಳ್ಳೆಯ ಹ್ಯಾಟೆಗಳನ್ನು ಅವರೇ ಆರಿಸಿಟ್ಟುಕೊಂಡಿರುತ್ತಾರೆ, ನಮಗೆ ಉಳಿಯುವುದು ಬರೀ ಹುಂಜ. ಐದನೆಯ ವಾರದಲ್ಲಿ ಹುಂಜ ಯಾವುದು, ಹ್ಯಾಟೆ ಯಾವುದು ಎಂದು ನಾನು ಹತ್ತರಲ್ಲಿ ಎಂಟು ಸಲ ಸರಿಯಾಗಿ ಹೇಳುತ್ತೇನೆ. ಜುಟ್ಟಿನ ಬಣ್ಣ ಎಲ್ಲರೂ ನೋಡುತ್ತಾರೆ, ನಾನು ನೋಡುವ ಇನ್ನೊಂದು ಗುರುತನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ತಂದ ರಾತ್ರಿ ಬೆಲ್ಲದ ನೀರು ಕೊಟ್ಟು, ಹತ್ತು ದಿನ ಗೂಡಿನಲ್ಲೇ ಕೂಡಿ ಹಾಕಿ, ಆಮೇಲೆ ಸಂಜೆಯ ಹೊತ್ತು ಮಾತ್ರ ಹೊರಗೆ ಬಿಟ್ಟೆ. ಆಗ ಗೂಡು ಮರೆಯುವುದಿಲ್ಲ. ಮಡಕೆಗೆ ಸಗಣಿ, ಹರಕು ಗೋಣಿ ತುಂಬಿ ರಾತ್ರಿ ಬೋರಲು ಹಾಕಿದರೆ ಬೆಳಗ್ಗೆ ಗೆದ್ದಲು ಸಿಗುತ್ತದೆ, ಅದನ್ನು ಕಂಡರೆ ಮರಿಗಳು ಮುಗಿಬೀಳುತ್ತವೆ. ಸತ್ತವು ಮೂರೇ, ಅವೂ ಮುಂಗುಸಿಯ ಪಾಲು.

2023ರ ಮಾರ್ಚ್‌ನಲ್ಲಿ ಯುಗಾದಿ ಬಂತು. ಹಬ್ಬದ ಮಾರನೆಯ ದಿನ, ಹೊಸತೊಡಕಿಗೆ, ನಮ್ಮ ಕಡೆ ಕೋಳಿಗೆ ಇರುವ ಬೇಡಿಕೆ ಹೇಳಬೇಕಾಗಿಲ್ಲ. ಇಪ್ಪತ್ತು ಹುಂಜ, ಸರಾಸರಿ ಎರಡೂವರೆ ಕಿಲೋ, ಕಿಲೋಗೆ 230. ಕೈಗೆ 11,500 ರೂಪಾಯಿ ಬಂತು. ಮರಿ, ಮೇವು, ಲಸಿಕೆ ಸೇರಿ ನನ್ನ ಖರ್ಚು ಹತ್ತು ಸಾವಿರದ ಆರೇಳು ನೂರು. ಇಪ್ಪತ್ತೈದು ಹ್ಯಾಟೆಗಳು ಪುಕ್ಕಟೆ ಉಳಿದವು, ಮೇ ತಿಂಗಳಲ್ಲಿ ಮೊಟ್ಟೆ ಶುರುಮಾಡಿದವು. ಬೀಜದ ಹುಂಜಗಳೆಂದು ಎರಡನ್ನು ಇಟ್ಟುಕೊಂಡೆ.

ಒಂದು ಕೆಲಸ ಮಾತ್ರ ನಿಮ್ಮ ಪಾಲಿಗೆ ಉಳಿದಿರುತ್ತದೆ. ಅದು ಎಂಟನೆಯ ವಾರದ ಆರ್‌ಟುಬಿ, ಕೊಕ್ಕರೆ ರೋಗದ ಚುಚ್ಚುಮದ್ದು. ಸೀಸೆಯನ್ನು ಐಸು ತುಂಬಿದ ಫ್ಲಾಸ್ಕಿನಲ್ಲೇ ತನ್ನಿ, ಹೊತ್ತು ಇಳಿದ ಮೇಲೆ ಬೆರೆಸಿ, ಬೆರೆಸಿದ ಮೇಲೆ ತಡಮಾಡಬೇಡಿ. ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ನಾಳೆಗೆ ಇಡಲು ಬರುವುದಿಲ್ಲ. ನನ್ನವಕ್ಕೆ ಹಾಕಿ ಮಿಕ್ಕದ್ದನ್ನು ಅದೇ ಸಂಜೆ ಭಾವನ ಮನೆಯ ಕೋಳಿಗಳಿಗೆ ಹಾಕಿ ಬಂದೆ.